ಕರುವಿನ ಬೆನ್ನಿಗೆ ಉಪ್ಪು

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಟ್ಟಿಯ ಕಡಸು ಮೊದಲ ಸಲ ಕರು ಹಾಕಿತು. ಊರಿನ ಗಿಡ್ಡ ತಳಿ. ಮೈಯೆಲ್ಲ ಕಪ್ಪು. ಹೆಸರು ಗಂಗೆ. ಕಾಸರಗೋಡಿನ ಎಣ್ಮಕಜೆಯಲ್ಲಿ ಗುಡ್ಡದ ಬುಡಕ್ಕೆ ನಮ್ಮ ಮನೆ. ಜೂನ್ ತಿಂಗಳ ಮಳೆ, ಕರೆಂಟಿಲ್ಲ, ಚಿಮಿಣಿ ದೀಪ ಹಿಡಿದು ನಿಂತವಳು ನಾನು.

ಕರು ನೆಲಕ್ಕೆ ಬಿತ್ತು. ಗಂಗೆ ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ಒದ್ದೆ ಮೈಯಲ್ಲಿ ಅದು ನಡುಗುತ್ತಿತ್ತು. ಅಮ್ಮ ಎತ್ತಿ ಕೆಚ್ಚಲಿನ ಹತ್ತಿರ ತಂದಳು. ಗಂಗೆ ಒದ್ದಳು. ಮತ್ತೆ ತಂದಳು. ಮತ್ತೆ ಒದ್ದಳು, ಈ ಸಲ ಕರು ಹೋಗಿ ಗೋಡೆಗೆ ಬಡಿಯಿತು. ಅಮ್ಮನಿಗೆ ಸಿಟ್ಟು ಬಂತು. ಗಂಗೆಯ ಬೆನ್ನಿಗೆ ಒಂದು ಏಟು ಹಾಕಿ, "ನೀನೂ ಒಂದು ತಾಯಿಯಾ?" ಅಂತ ಬೈದಳು.

ಮೂಲಮನೆ ತೋಡಿನ ಆಚೆ ಇತ್ತು. ತಮ್ಮ ಓಡಿ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದ. ಅಜ್ಜಿ ಕೊಡೆ ಮಡಚಿಟ್ಟು, ಯಾರನ್ನೂ ಏನೂ ಕೇಳದೆ, "ಉಪ್ಪು ತಾ" ಅಂದಳು. ಕಲ್ಲುಪ್ಪನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಒಂದು ಹಿಡಿ ತೌಡಿಗೆ ಬೆರೆಸಿ, ಕರುವಿನ ಬೆನ್ನಿಗೂ ಕುತ್ತಿಗೆಗೂ ಸವರಿದಳು. ಆಮೇಲೆ ಕರುವನ್ನು ಗಂಗೆಯ ಮೂತಿಯ ಕೆಳಗೆ ದೂಡಿದಳು, ಅಷ್ಟೇ. ಗಂಗೆ ಮೂಸಿದಳು. ನಾಲಗೆ ಒಂದು ಸಲ ಹೊರಗೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಆಮೇಲೆ ಎಡೆಬಿಡದೆ ನೆಕ್ಕತೊಡಗಿದಳು. ಉಪ್ಪು ಮುಗಿದ ಮೇಲೂ ನೆಕ್ಕಿದಳು, ಕಿವಿಯ ಒಳಗೂ ನೆಕ್ಕಿದಳು. ಕರು ಎದ್ದು ನಿಂತು ಹಾಲು ಕುಡಿಯುವಾಗ ಗಂಗೆಯ ಗಂಟಲಿನಿಂದ ಒಂದು ಸಣ್ಣ ಸ್ವರ ಬರುತ್ತಿತ್ತು. ಅದುವರೆಗೆ ನಾವು ಕೇಳದ ಸ್ವರ.

ಅಜ್ಜಿ ಕೈ ತೊಳೆಯುತ್ತಾ ಹೇಳಿದ್ದು ಇಷ್ಟು: "ಬೈದು ಎಂತ ಪ್ರಯೋಜನ? ಅದಕ್ಕೆ ಗೊತ್ತಾಗುವ ಹಾಗೆ ಮಾಡ್ಬೇಕು."

ಮೂವತ್ತು ವರ್ಷದ ಹಿಂದಿನ ಮಾತು. ಹೋದ ತಿಂಗಳು ಒಂದು ಸಂಜೆ ಇದು ಮತ್ತೆ ನೆನಪಾಗಿ, ಅಲ್ಲಿಂದ ಮನಸ್ಸು ಬಿಡುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಆ ಸಂಜೆ ನಾನು ಶಾಲೆಯಿಂದ ಬಂದದ್ದು ಆರು ಗಂಟೆಗೆ. ಬದಿಯಡ್ಕದಲ್ಲಿ ಬಸ್ಸು ತಪ್ಪಿ ಮುಕ್ಕಾಲು ಗಂಟೆ ನಿಂತಿದ್ದೆ. ಗಂಡ ಮಂಗಳೂರಿನಿಂದ ಬರುವಾಗ ಎಂಟು. ಮಗನಿಗೆ ಹನ್ನೊಂದು ವರ್ಷ, ಅವನು ಒಂದು ಮೂಲೆಯಲ್ಲಿ ಓದುತ್ತಾ ಕೂತಿದ್ದ. ಮಗಳಿಗೆ ಆರು. ಅವಳು ಅನ್ನದ ಬಟ್ಟಲನ್ನು ದೂಡಿದಳು, ಸಾರು ಮೇಜಿನ ಮೇಲೆ ಚೆಲ್ಲಿತು, ಪರೀಕ್ಷೆಯ ಪೇಪರುಗಳ ಕಟ್ಟು ಒದ್ದೆಯಾಯಿತು. ನಾನು ಕಿರುಚಿದೆ: "ನಾನು ಸತ್ತ ಮೇಲೆ ಗೊತ್ತಾಗ್ತದೆ ನಿಮಗೆ!"

ಸ್ವರ ನನ್ನದಲ್ಲ, ಅಮ್ಮನದು. ಮಾತು ಅವಳದು, 'ನಿಮಗೆ' ಅನ್ನುವಲ್ಲಿ ಒತ್ತಿ ಎಳೆಯುವುದೂ ಅವಳ ಹಾಗೆಯೇ. ಸಣ್ಣವಳಿದ್ದಾಗ ಈ ಮಾತು ಕೇಳಿ ರಾತ್ರಿ ನಿದ್ದೆ ಬಾರದೆ, ಅಮ್ಮ ಉಸಿರಾಡುತ್ತಿದ್ದಾಳಾ ಅಂತ ಕತ್ತಲಲ್ಲಿ ಎದ್ದು ಹೋಗಿ ನೋಡಿದ್ದೇನೆ. ನನ್ನ ಮಕ್ಕಳಿಗೆ ಇದನ್ನು ಯಾವತ್ತೂ ಹೇಳುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಮಗಳು ನನ್ನ ಮುಖ ನೋಡಿ, "ಯಾವಾಗ ಸಾಯುವುದು ಅಮ್ಮ?" ಅಂತ ಮೆಲ್ಲಗೆ ಕೇಳಿದಳು. ಅವಳಿಗೆ ದಿನ ಗೊತ್ತಾಗಬೇಕಿತ್ತು.

ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಅಂತ ತೋರಿಸಲು ಮೆಂಡೆಲನ ಬಟಾಣಿ ಗಿಡ ಪ್ರತಿ ವರ್ಷ ಬೋರ್ಡಿನ ಮೇಲೆ ಚೌಕ ಹಾಕಿ ಬರೆಯುತ್ತೇನೆ. ಉದ್ದ, ಗಿಡ್ಡ, ಮೂರಕ್ಕೆ ಒಂದು. ಆದರೆ ಆ ರಾತ್ರಿ ನನಗೆ ಬೇಕಾಗಿದ್ದ ಉತ್ತರ ಆ ಚೌಕಗಳಲ್ಲಿ ಇರಲಿಲ್ಲ. ಈ ಸಿಟ್ಟು ನನಗೆ ರಕ್ತದಲ್ಲಿ ಬಂದದ್ದಾ, ಇಲ್ಲ ಆ ಮನೆಯಲ್ಲಿ ಬೆಳೆದದ್ದರಿಂದ ಬಂದದ್ದಾ? ರಕ್ತದಲ್ಲಿ ಬಂದಿದ್ದರೆ ನನ್ನ ಮಗಳ ಬಾಯಿಗೂ ಒಂದು ದಿನ ಇದೇ ಮಾತು ಬರುತ್ತದಾ? 'ಹುಟ್ಟುಗುಣ ಸುಟ್ಟರೂ ಹೋಗದು' ಅನ್ನುವವರೂ ನಾವೇ, 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನುವವರೂ ನಾವೇ. ಗಾದೆಗಳಿಂದ ಸಮಾಧಾನ ಆಗಲಿಲ್ಲ. ಓದತೊಡಗಿದೆ.

ಮೊದಲು ಕೈಗೆ ಸಿಕ್ಕಿದ್ದೇ ನೆಕ್ಕುವ ತಾಯಂದಿರ ಕತೆ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಜೊತೆಯವರು ಇಲಿಗಳನ್ನು ಗಮನಿಸುತ್ತಿದ್ದರು. ಮರಿ ಹಾಕಿದ ಮೊದಲ ವಾರ ಕೆಲವು ತಾಯಿಯಿಲಿಗಳು ಮರಿಗಳನ್ನು ತುಂಬಾ ನೆಕ್ಕುತ್ತವೆ, ಬೆನ್ನು ಕಮಾನಿನ ಹಾಗೆ ಎತ್ತಿ ಹಾಲು ಕೊಡುತ್ತವೆ. ಕೆಲವು ಅಷ್ಟಕ್ಕಷ್ಟೆ. ಇಲಿಗೆ ಇದು ಬರೀ ಮುದ್ದಲ್ಲ. ತಾಯಿ ನೆಕ್ಕದಿದ್ದರೆ ಎಳೇ ಮರಿಗೆ ಮೂತ್ರ ಕೂಡ ಹೋಗುವುದಿಲ್ಲ. ತುಂಬಾ ನೆಕ್ಕಿಸಿಕೊಂಡ ಹೆಣ್ಣುಮರಿ ದೊಡ್ಡದಾಗಿ ತಾನು ತಾಯಿಯಾದಾಗ ತಾನೂ ತುಂಬಾ ನೆಕ್ಕುತ್ತದೆ. ಕಡಿಮೆ ನೆಕ್ಕಿಸಿಕೊಂಡದ್ದು ಕಡಿಮೆ ನೆಕ್ಕುತ್ತದೆ. ಇಷ್ಟು ಕೇಳಿದರೆ 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಅಂತ ನಾವು ಸುಮ್ಮನಾಗುತ್ತೇವೆ, ಅಲ್ವಾ?

ಅವರು ಸುಮ್ಮನಾಗಲಿಲ್ಲ. ಹುಟ್ಟಿದ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ತುಂಬಾ ನೆಕ್ಕುವ ತಾಯಿಯ ಗೂಡಿಗೆ ಹಾಕಿದರು. ಆ ಮರಿ ಬೆಳೆದು ತಾಯಿಯಾದಾಗ ಹೆತ್ತವಳ ಹಾಗೆ ಆಗಲಿಲ್ಲ, ಸಾಕಿದವಳ ಹಾಗೆ ಆಯಿತು. 1999ರಲ್ಲಿ ಇದು ಪ್ರಕಟವಾಯಿತು. 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೆಕ್ಕಿಸಿಕೊಂಡ ಮರಿಯ ಮಿದುಳಿನಲ್ಲಿ, ಹೆದರಿಕೆ ಬಂದಾಗ ದೇಹವನ್ನು ಮತ್ತೆ ಶಾಂತ ಮಾಡಲು ಬೇಕಾದ ಒಂದು ಜೀನಿನ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಕಡಿಮೆ ಇದ್ದವು. ಗುರುತು ಕಡಿಮೆ ಇದ್ದರೆ ಆ ಜೀನು ಚೆನ್ನಾಗಿ ಕೆಲಸ ಮಾಡುತ್ತದೆ. ಜೀನಿನ ಅಕ್ಷರ ಬದಲಾಗಿಲ್ಲ. ಓದುವ ರೀತಿ ಬದಲಾಗಿದೆ. ನಾಲಗೆಯ ಸವರಾಟ ಜೀನಿನವರೆಗೆ ತಲುಪಿದೆ.

ನಾನು ಅಲ್ಲಿಗೇ ನಿಲ್ಲಿಸಿದ್ದರೆ ಖುಷಿಯಾಗಿ ಮಲಗಬಹುದಿತ್ತು. ಆದರೆ ಮುಂದಿನ ದಿನ ಇನ್ನೊಂದು ಇಲಿಯ ಕತೆ ಓದಿದೆ. ಅದು ಪೂರ್ತಿ ಉಲ್ಟಾ. ಹಾರ್ವರ್ಡ್‌ನಲ್ಲಿ ಹೋಪಿ ಹೋಕ್‌ಸ್ಟ್ರಾ ಅವರ ತಂಡ ಅಮೆರಿಕದ ಎರಡು ಜಾತಿಯ ಕಾಡಿಲಿಗಳನ್ನು ನೋಡಿತು. ಒಂದು ಜಾತಿಯಲ್ಲಿ ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ, ಅಪ್ಪ ಕೂಡ ಗೂಡು ಕಟ್ಟುತ್ತಾನೆ, ಮರಿಯ ಮೇಲೆ ಕವುಚಿ ಬೆಚ್ಚಗೆ ಇಡುತ್ತಾನೆ. ಇನ್ನೊಂದರಲ್ಲಿ ಅಪ್ಪನಿಗೆ ಮರಿಗಳ ಗೊಡವೆ ಕಡಿಮೆ. ಇಲ್ಲೂ ಅದಲುಬದಲು ಮಾಡಿದರು. ಏನೂ ಬದಲಾಗಲಿಲ್ಲ. ಯಾರ ಗೂಡಿನಲ್ಲಿ ಬೆಳೆದರೂ ಹುಟ್ಟಿದ ಜಾತಿಯ ಹಾಗೆಯೇ ಮರಿ ಸಾಕಿದವು. ಎರಡೂ ಜಾತಿಗಳನ್ನು ಕೂಡಿಸಿ ಮೊಮ್ಮಕ್ಕಳವರೆಗೆ ಹೋಗಿ ಹುಡುಕಿದಾಗ ಮರಿ ಸಾಕುವ ಬಗೆಗೆ ಸಂಬಂಧಪಟ್ಟ ಡಿಎನ್‌ಎ ಜಾಗಗಳು ಹನ್ನೆರಡು ಸಿಕ್ಕಿದವು. ಅದರಲ್ಲಿ ಕೆಲವು ಅಪ್ಪನಲ್ಲಿ ಮಾತ್ರ ಕೆಲಸ ಮಾಡುವಂಥವು, ಕೆಲವು ಅಮ್ಮನಲ್ಲಿ ಮಾತ್ರ. ಗೂಡು ಕಟ್ಟುವುದಕ್ಕೆ ವಾಸೊಪ್ರೆಸಿನ್ ಎಂಬ ಹಾರ್ಮೋನಿನ ಜೀನು ಕೈಯಾಡಿಸುತ್ತದೆ ಅಂತಲೂ ತೋರಿಸಿದರು. ಇದು 2017ರ ಕೆಲಸ.

ಒಂದು ಇಲಿ ಸಾಕಿದವಳ ಹಾಗೆ. ಇನ್ನೊಂದು ಇಲಿ ಹೆತ್ತವರ ಹಾಗೆ. ಎರಡೂ ನಿಜ. ಜಾತಿ ಜಾತಿಗಳ ನಡುವಿನ ವ್ಯತ್ಯಾಸ ಬೇರೆ, ಒಂದೇ ಜಾತಿಯ ಇಬ್ಬರು ತಾಯಂದಿರ ವ್ಯತ್ಯಾಸ ಬೇರೆ. ನನ್ನ ಅಮ್ಮ ಮತ್ತು ಪಕ್ಕದ ಮನೆಯ ಅಮ್ಮನ ನಡುವಿನದು ಎರಡನೇ ತರದ ಪ್ರಶ್ನೆ.

ಮನುಷ್ಯರ ಮಕ್ಕಳನ್ನು ಹಾಗೆ ಅದಲುಬದಲು ಮಾಡಲಾಗುವುದಿಲ್ಲ. ಅದಕ್ಕೇ ಸಂಶೋಧಕರು ಅವಳಿಗಳ ಹಿಂದೆ ಹೋದರು. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳ ಜೀನು ಹೆಚ್ಚುಕಡಿಮೆ ಒಂದೇ. ಎರಡು ತತ್ತಿಯ ಅವಳಿಗಳು ಮಾಮೂಲಿ ಒಡಹುಟ್ಟಿದವರಷ್ಟೇ ಹತ್ತಿರ. ಈ ಅವಳಿಗಳು ದೊಡ್ಡವರಾಗಿ ಅವರಿಗೂ ಮಕ್ಕಳಾದ ಮೇಲೆ, ಸಾಕುವ ರೀತಿಯಲ್ಲಿ ಯಾವ ಜೋಡಿ ಹೆಚ್ಚು ಹೋಲುತ್ತದೆ ಅಂತ ನೋಡುವುದು. ಆಶ್ಲಿ ಕ್ಲಾರ್ ಮತ್ತು ಅಲೆಕ್ಸಾಂಡ್ರಾ ಬರ್ಟ್ 2014ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಲೆಕ್ಕ ಹಾಕಿದರು. ಪ್ರೀತಿ ತೋರಿಸುವುದು, ಹಿಡಿತದಲ್ಲಿಡುವುದು, ಸಿಡುಕುವುದು, ಇವುಗಳಲ್ಲಿ ಹೆತ್ತವರ ನಡುವೆ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 23ರಿಂದ 40ರಷ್ಟು ಅವರ ಜೀನುಗಳ ವ್ಯತ್ಯಾಸಕ್ಕೆ ಸೇರುತ್ತದೆ ಅಂತ ಬಂತು.

ಈ ಶೇಕಡಾ ಲೆಕ್ಕವನ್ನು ಜಾಗ್ರತೆಯಿಂದ ಓದಬೇಕು. ನನ್ನ ಸಿಟ್ಟಿನಲ್ಲಿ ನಲವತ್ತು ಪಾಲು ಅಮ್ಮನ ಜೀನು, ಅರವತ್ತು ಪಾಲು ಬಸ್ಸು ತಪ್ಪಿದ್ದು ಅಂತ ಅರ್ಥ ಅಲ್ಲ. ಇದು ಒಂದು ದೊಡ್ಡ ಗುಂಪಿನ ಬಗ್ಗೆ ಹೇಳುವ ಮಾತು, ಒಬ್ಬಳ ಬಗ್ಗೆ ಅಲ್ಲ. ನಮ್ಮ ಅಜ್ಜ ಅಡಿಕೆ ಬೀಜ ಆರಿಸುತ್ತಿದ್ದದ್ದು ನೆನಪಿದೆ. ಒಳ್ಳೆಯ ಮರದ ಹಣ್ಣಡಿಕೆ ತಂದು ನೀರಿನ ಕಡಾಯಿಗೆ ಹಾಕುವುದು. ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವುದನ್ನು ಮಾತ್ರ ಬೀಜಕ್ಕೆ ತೆಗೆಯುವುದು. ಅಂಥ ಬೀಜದಿಂದ ಗಟ್ಟಿ ಸಸಿ ಬರುತ್ತದೆ ಅಂತ ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಈಗ ಒಂದೇ ತೋಟದಲ್ಲಿ, ಒಂದೇ ನೀರು ಗೊಬ್ಬರದಲ್ಲಿ ನೂರು ಸಸಿ ಬೆಳೆಸಿದರೆ ಎತ್ತರದ ವ್ಯತ್ಯಾಸವೆಲ್ಲ ಬೀಜದ್ದೇ ಅಂತ ಕಾಣುತ್ತದೆ. ಅದೇ ಬೀಜಗಳಲ್ಲಿ ಅರ್ಧವನ್ನು ಗುಡ್ಡದ ಮುರಕಲ್ಲಿನ ಮೇಲೆ ನೆಟ್ಟರೆ ಲೆಕ್ಕವೇ ಬೇರೆ. ಬೀಜ ಬದಲಾಗಲಿಲ್ಲ, ಶೇಕಡಾ ಬದಲಾಯಿತು.

ನನಗೆ ನಿದ್ದೆಗೆಡಿಸಿದ್ದು ಇನ್ನೊಂದು ಲೆಕ್ಕ. ಅದೇ 2014ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರೆಯೂತ್ ಅವಿನುನ್ ಮತ್ತು ಏರಿಯಲ್ ಕ್ನಾಫೊ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಅವಳಿಗಳು ಮಕ್ಕಳಾಗಿದ್ದಾಗ ಅವರನ್ನು ಅಪ್ಪ ಅಮ್ಮ ಹೇಗೆ ನೋಡಿಕೊಳ್ಳುತ್ತಾರೆ? ಒಂದೇ ತತ್ತಿಯ ಅವಳಿಗಳನ್ನು ಹೆತ್ತವರು ಹೆಚ್ಚು ಒಂದೇ ತರ ನೋಡಿಕೊಳ್ಳುತ್ತಾರೆ. ಸಾಕುವ ರೀತಿಯ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 23ರಷ್ಟು ಮಗುವಿನ ಜೀನುಗಳಿಗೆ ಹೋಗುತ್ತದೆ. ಅಂದರೆ ಮಗು ತನ್ನ ಸ್ವಭಾವದಿಂದ ನಮ್ಮೊಳಗಿಂದ ಒಂದು ಬಗೆಯ ತಾಯಿಯನ್ನು ಎಳೆದು ಹೊರಗೆ ತರುತ್ತದೆ.

ನನ್ನ ಮನೆಯಲ್ಲಿ ಇದಕ್ಕೆ ಪುರಾವೆ ಬೇಕಿಲ್ಲ. ಮಗ ಹುಟ್ಟಿದಾಗಿನಿಂದ ಮೆತ್ತಗೆ. ಮಡಿಲಲ್ಲಿ ಹಾಕಿದರೆ ಅಲ್ಲೇ ಅಂಟಿಕೊಳ್ಳುತ್ತಿದ್ದ. ಅವನ ಜೊತೆ ನನ್ನ ಸ್ವರ ತಾನಾಗಿ ತಗ್ಗುತ್ತದೆ. ಅವನಿಗೆ ನಾನು ರಾತ್ರಿ ಕತೆ ಓದಿದ್ದೇನೆ, ಕೆಲವು ಸಲ ಒಂದು ಗಂಟೆ. ಮಗಳು ಹುಟ್ಟಿದಾಗಿನಿಂದ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮಡಿಲಿಂದ ಜಾರಿಕೊಂಡವಳು. ಕತೆಯ ಎರಡನೇ ಸಾಲಿಗೆ ಪುಸ್ತಕ ಕಸಿದುಕೊಳ್ಳುತ್ತಾಳೆ. ಅವಳಿಗೆ ನಾನು ಹೇಳುವ ಮಾತುಗಳನ್ನು ಒಂದು ದಿನ ಎಣಿಸಿ ನೋಡಿದೆ. ಬೇಡ, ಬಿಡು, ಇಳಿ, ಸಾಕು. ಹೆಚ್ಚು ಕಡಿಮೆ ಇಷ್ಟೇ. ಊರವರು ನನ್ನ ಮಗನನ್ನು ನೋಡಿ "ಎಷ್ಟು ಒಳ್ಳೆ ಸಂಸ್ಕಾರ ಕೊಟ್ಟಿದ್ದೀ" ಅನ್ನುತ್ತಾರೆ. ಮಗಳನ್ನು ನೋಡಿ ಸುಮ್ಮನಿರುತ್ತಾರೆ. ಎರಡು ಮಕ್ಕಳಿಗೂ ತಾಯಿ ನಾನೊಬ್ಬಳೇ. ಮಗನ ವಿಷಯದಲ್ಲಿ ನನಗೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಅವನದೇ. ಮಗಳ ವಿಷಯದಲ್ಲಿ ನಾನು ಅನುಭವಿಸುವ ನಾಚಿಕೆಯ ಭಾರವನ್ನೂ ನಾನೊಬ್ಬಳೇ ಹೊರಬೇಕಾಗಿಲ್ಲ. ಆದರೆ ಒಂದು ಮಾತು ನನಗೆ ಸ್ಪಷ್ಟ. ಆರು ವರ್ಷದ ಮಗು ತನ್ನ ಸ್ವಭಾವವನ್ನು ಆರಿಸಿಕೊಂಡು ಬಂದದ್ದಲ್ಲ. ಅವಳಿಗೂ ದಿನಕ್ಕೊಮ್ಮೆಯಾದರೂ ನನ್ನ ತಗ್ಗಿದ ಸ್ವರ ಸಿಗಬೇಕು, ಅವಳು ಅದನ್ನು ಎಳೆದು ತೆಗೆಯದಿದ್ದರೂ.

ಜೀನುಗಳ ಬಗ್ಗೆ ಓದಿದ್ದರಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹಿಡಿದು ನಿಲ್ಲಿಸಿದ್ದು ಐಸ್‌ಲ್ಯಾಂಡಿನ ಕೆಲಸ. 2018ರಲ್ಲಿ ಆಗಸ್ಟೀನ್ ಕಾಂಗ್ ಮತ್ತು ಜೊತೆಯವರು ಪ್ರಕಟಿಸಿದ್ದು. ತಾಯಿ ತನ್ನ ಜೀನುಗಳಲ್ಲಿ ಅರ್ಧವನ್ನು ಮಾತ್ರ ಮಗುವಿಗೆ ಕೊಡುತ್ತಾಳೆ, ಅಪ್ಪನೂ ಹಾಗೆಯೇ. ಉಳಿದ ಅರ್ಧ ಅವರಲ್ಲೇ ಉಳಿಯುತ್ತದೆ. ಆ ಕೊಡದೇ ಉಳಿದ ಅರ್ಧಕ್ಕೂ ಮಗುವಿಗೂ ಏನಾದರೂ ಸಂಬಂಧ ಉಂಟಾ ಅಂತ ಇವರು ನೋಡಿದರು. ಉಂಟು. ಮಗು ಎಷ್ಟು ವರ್ಷ ಓದುತ್ತದೆ ಅನ್ನುವುದರ ಮೇಲೆ, ಕೊಟ್ಟ ಜೀನುಗಳ ಪರಿಣಾಮದ ಸುಮಾರು ಶೇಕಡಾ 30ರಷ್ಟು ಬಲ ಕೊಡದ ಜೀನುಗಳಿಗೂ ಇತ್ತು. ಅವು ಮಗುವಿನ ಮೈಯಲ್ಲಿ ಇಲ್ಲವೇ ಇಲ್ಲ. ಮನೆಯ ಮೂಲಕ ತಲುಪಿವೆ. ಅಪ್ಪ ಅಮ್ಮ ಹೇಗೆ ಇದ್ದರು, ಮನೆಯನ್ನು ಹೇಗೆ ಇಟ್ಟರು, ಅದರ ಮೂಲಕ. ನನ್ನ ಅಮ್ಮ ನನಗೆ ಕೊಡದೇ ಇಟ್ಟುಕೊಂಡ ಅರ್ಧವೂ ನನ್ನನ್ನು ಸಾಕಿದೆ. ಇದನ್ನು ಓದಿದ ಮೇಲೆ 'ಜೀನಾ, ಪರಿಸರವಾ' ಅಂತ ಕೇಳುವುದನ್ನು ಬಿಟ್ಟೆ. ಅಮ್ಮನ ಜೀನೇ ನನಗೆ ಪರಿಸರ.

ಹಾಗಾದರೆ ಅಮ್ಮನ ಪರಿಸರ ಯಾವುದಿತ್ತು?

ಅಪ್ಪ ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಇಪ್ಪತ್ತು ದಿನ ಬರುತ್ತಿದ್ದರು. ನಾನು ಹುಟ್ಟುವ ಮೊದಲೇ ಪಾಲಾಗಿ, ತೋಡಿನ ಈಚೆ ನಮ್ಮದು ಬೇರೆ ಮನೆ. ನಾವು ಮೂವರು ಮಕ್ಕಳು. ಎರಡು ದನ. ಅರ್ಧ ಎಕರೆ ಅಡಿಕೆ ತೋಟ. ಬೆಳಿಗ್ಗೆ ಐದಕ್ಕೆ ಹಾಲು ಕರೆಯುವುದರಿಂದ ಹಿಡಿದು ರಾತ್ರಿ ಮೆಟ್ಟುಕತ್ತಿ ಹಾಕಿಕೊಂಡು ಅಡಿಕೆ ಸುಲಿಯುವವರೆಗೆ ಒಬ್ಬಳೇ. ಅವಳಿಗೆ ಆಗ ಇಪ್ಪತ್ತೆಂಟು ಇಪ್ಪತ್ತೊಂಬತ್ತು ವರ್ಷ. ನನ್ನ ಈಗಿನ ವಯಸ್ಸಿಗಿಂತ ಹನ್ನೆರಡು ವರ್ಷ ಸಣ್ಣವಳು. ಅವಳ ತಂಗಿ, ನಮ್ಮ ಚಿಕ್ಕಮ್ಮ, ಪುತ್ತೂರಿನ ಕಡೆ ಒಂದು ತುಂಬಿದ ಮನೆಗೆ ಸೇರಿದ್ದಳು. ಅತ್ತೆ, ಮಾವ, ಇಬ್ಬರು ನಾದಿನಿಯರು. ಚಿಕ್ಕಮ್ಮ ಮಕ್ಕಳಿಗೆ ಗದರಿದ್ದನ್ನು ನಾನು ಕಂಡದ್ದೇ ಇಲ್ಲ. ಒಂದೇ ಅಪ್ಪ ಅಮ್ಮನ ಮಕ್ಕಳು ಇಬ್ಬರೂ. "ನಿನ್ನ ಅಮ್ಮನಿಗೆ ಸಿಟ್ಟು ಜಾಸ್ತಿ, ತಂಗಿ ಪಾಪ, ದೇವರಂಥವಳು" ಅಂತ ನೆಂಟರೆಲ್ಲ ಹೇಳುತ್ತಿದ್ದರು. ನಾನೂ ನಂಬಿದ್ದೆ. ಅವರಿಬ್ಬರ ಸ್ವಭಾವ ಹುಟ್ಟಿನಿಂದ ಬೇರೆ ಇದ್ದಿರಲೂಬಹುದು. ಆದರೆ ಚಿಕ್ಕಮ್ಮನ ಮಗು ಅತ್ತಾಗ ಎತ್ತಿಕೊಳ್ಳಲು ಆ ಮನೆಯಲ್ಲಿ ಬೇರೆ ಕೈಗಳಿದ್ದವು ಅನ್ನುವುದನ್ನು ಯಾರೂ ಹೇಳಲಿಲ್ಲ.

ಮೆಕ್‌ಗಿಲ್‌ನ ಇಲಿಗಳ ಬಗ್ಗೆ ಇನ್ನೂ ಒಂದು ವಿಷಯ ಹೇಳಬೇಕು. ಫ್ರಾನ್ಸಿಸ್ ಶಾಂಪೇನ್ ಮತ್ತು ಮೀನಿ 2006ರಲ್ಲಿ ತೋರಿಸಿದ್ದು. ತುಂಬಾ ನೆಕ್ಕುವ ಒಳ್ಳೆಯ ತಾಯಿಯಿಲಿಗೆ ಬಸುರಿಯಲ್ಲಿ ಸತತ ಒತ್ತಡ ಕೊಟ್ಟರೆ, ಮರಿ ಹಾಕಿದ ಮೇಲೆ ಅದು ಕಡಿಮೆ ನೆಕ್ಕುತ್ತದೆ. ಅದರ ಹೆಣ್ಣುಮಕ್ಕಳೂ ಕಡಿಮೆ ನೆಕ್ಕುವ ತಾಯಂದಿರಾಗುತ್ತವೆ. ಮುಂದಿನ ವರ್ಷ ಬಂದದ್ದು ಅದರ ಇನ್ನೊಂದು ಮುಖ. ಕಡಿಮೆ ನೆಕ್ಕಿಸಿಕೊಂಡು ಬೆಳೆದ ಹೆಣ್ಣುಮರಿಗಳನ್ನು ಹಾಲು ಬಿಟ್ಟ ಮೇಲೆ ದೊಡ್ಡ ಗೂಡಿನಲ್ಲಿ, ಜೊತೆಗಾರರ ನಡುವೆ, ಆಡಲು ಸಾಮಾನು ಕೊಟ್ಟು ಬೆಳೆಸಿದರು. ಅವು ತಾಯಿಯಾದಾಗ ಹೆಚ್ಚು ನೆಕ್ಕಿದವು. ಬಾಲ್ಯ ಕೆಟ್ಟಿದ್ದರೂ ಆಮೇಲಿನ ಜಾಗ ಮತ್ತು ಜೊತೆ ಕೆಲಸ ಮಾಡಿತು. ಇಲಿಯ ಲೆಕ್ಕವನ್ನು ಮನುಷ್ಯರ ಮೇಲೆ ಹಾಗೇ ಹೇರಬಾರದು ಅಂತ ಮಕ್ಕಳಿಗೆ ಕಲಿಸುವವಳು ನಾನೇ. ಆದರೂ ಆ ದೊಡ್ಡ ಗೂಡಿನ ಮುಂದೆ ನನ್ನ ಮನಸ್ಸು ತುಂಬಾ ಹೊತ್ತು ನಿಂತಿತು.

ಅಪ್ಪಂದಿರ ಬಗ್ಗೆಯೂ ಒಂದು ಮಾತು. ಫಿಲಿಪ್ಪೀನ್ಸಿನ ಸೆಬುವಿನಲ್ಲಿ 624 ಗಂಡಸರನ್ನು ಕೆಲವು ವರ್ಷ ಅನುಸರಿಸಿದ ಅಧ್ಯಯನ 2011ರಲ್ಲಿ ಬಂತು. ಅಪ್ಪನಾದ ಮೇಲೆ ಗಂಡಸರ ಹಾರ್ಮೋನು ಟೆಸ್ಟೋಸ್ಟಿರೋನ್ ಇಳಿಯುತ್ತದೆ. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುವ ಅಪ್ಪಂದಿರಲ್ಲಿ ಅದು, ಮಗುವಿನ ಕೆಲಸಕ್ಕೆ ಕೈ ಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು. ಗಂಡಸರ ಮೈ ಕೂಡ ಮಗುವಿಗೆ ಓಗೊಡುತ್ತದೆ. ಮಗುವಿನ ಹತ್ತಿರ ಇರಬೇಕು, ಅಷ್ಟೇ. ನನ್ನ ಅಪ್ಪನಿಗೆ ಆ ಇಪ್ಪತ್ತು ದಿನ ಬಿಟ್ಟರೆ ಬೇರೆ ಅವಕಾಶವೇ ಸಿಗಲಿಲ್ಲ.

'ನಮ್ಮ ಸ್ವಭಾವ ಹೀಗೆ, ನಮ್ಮ ಕುಲ ಹೀಗೆ' ಅನ್ನುವವರಿಗೆ ನಮ್ಮ ಕಾಸರಗೋಡಿನ ಕಡೆ ತೋರಿಸಲು ಒಳ್ಳೆಯ ಉದಾಹರಣೆ ಇದೆ. ಅಳಿಯಕಟ್ಟು. ಬಂಟರ, ಬಿಲ್ಲವರ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಿದ್ದರು. ಮಕ್ಕಳ ಹೊಣೆ ಸೋದರಮಾವನದು. ಬೈಯುವವನೂ ಅವನೇ, ಮದುವೆ ಮಾಡಿಸುವವನೂ ಅವನೇ. ದಕ್ಷಿಣಕ್ಕೆ ಹೋದರೆ ನಾಯರ್ ತರವಾಡುಗಳಲ್ಲಿ, ಅಂದರೆ ಕೂಡುಕುಟುಂಬದ ಮನೆಗಳಲ್ಲಿ, ಇದಕ್ಕೇ ಮರುಮಕ್ಕತ್ತಾಯ ಅನ್ನುತ್ತಿದ್ದರು. ಜೀನಿನ ಲೆಕ್ಕದಲ್ಲಿ ಅಪ್ಪ ಮಗುವಿಗೆ ಅರ್ಧ ಹತ್ತಿರ, ಸೋದರಮಾವ ಕಾಲು ಭಾಗ. ಆದರೂ ಕಾಲು ಭಾಗದವನು ಅಪ್ಪನ ಜಾಗದಲ್ಲಿ ನಿಂತು ತಲೆತಲಾಂತರ ಮಕ್ಕಳನ್ನು ಸಾಕಿದ. ನಾವು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯ್ದೆ ಬಂತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಅದೇ ವರ್ಷ ನಾವು ಕೇರಳಕ್ಕೆ ಸೇರಿದೆವು. 1975ರ ಕಾಯ್ದೆಯ ಮೂಲಕ ಕೇರಳ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದು ಹಾಕಿತು. ಎರಡೇ ತಲೆಮಾರಿನಲ್ಲಿ ಅದೇ ಮನೆಗಳ ಗಂಡಸರು ಅಕ್ಕತಂಗಿಯರ ಮಕ್ಕಳ ಹೊಣೆ ಬಿಟ್ಟು ತಮ್ಮ ಮಕ್ಕಳ ಅಪ್ಪಂದಿರಾದರು. ಎರಡು ತಲೆಮಾರಿನಲ್ಲಿ ಜೀನು ಬದಲಾಗುವುದಿಲ್ಲ. ಆಸ್ತಿಯ ಕಾನೂನು ಬದಲಾಯಿತು, ದುಡಿಮೆ ಬದಲಾಯಿತು, ಮನೆಯ ಗೋಡೆಗಳು ಬದಲಾದವು. ನಮ್ಮ ಹತ್ತಿರದ ಒಂದು ಗುತ್ತಿನ ಮನೆಯ ಹಿರಿಯರು ಈಗಲೂ ತಂಗಿಯ ಮೊಮ್ಮಗನನ್ನು ದಿನಾ ಬೈಕಿನಲ್ಲಿ ಶಾಲೆಗೆ ಬಿಡುತ್ತಾರೆ. ಕಾನೂನು ಹೋದರೂ ರೂಢಿ ಅಲ್ಲಿ ಇಲ್ಲಿ ಉಳಿದಿದೆ. ನೋಡಿದಾಗ ನನಗೆ ಖುಷಿಯಾಗುತ್ತದೆ.

ಪರಿಸರ ಅನ್ನುವ ಪದಕ್ಕೆ ನಮ್ಮ ಎಣ್ಮಕಜೆಯಲ್ಲಿ ಇನ್ನೊಂದು ಅರ್ಥ ಉಂಟು. ಅದನ್ನು ಬರೆಯದೆ ಮುಂದೆ ಹೋಗಲು ನನಗೆ ಸಾಧ್ಯವಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಾವು ಮಕ್ಕಳು ಅಂಗಳಕ್ಕೆ ಓಡಿ ಬಂದು ಮೇಲೆ ನೋಡಿ ಕೈಬೀಸುತ್ತಿದ್ದೆವು. ಎದ್ದು ನಿಲ್ಲಲಾಗದ, ಮಾತು ಬಾರದ ಮಕ್ಕಳು ಮನೆಮನೆಯಲ್ಲಿ ಕಾಣಿಸಿಕೊಂಡಾಗ ತುಂಬಾ ಜನ ಮೊದಲು ಅದನ್ನು ದೈವದ ಶಾಪ ಅಂದುಕೊಂಡರು. ಮನೆತನದ ದೋಷ ಅಂದುಕೊಂಡರು. ಹೆತ್ತವಳ ಕಡೆಗೆ ಬೆರಳು ತೋರಿಸುವುದು ಎಲ್ಲಕ್ಕಿಂತ ಸುಲಭ ಅಲ್ವಾ? 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಆದೇಶ ಮಾಡಿತು. ಇಪ್ಪತ್ತೈದು ವರ್ಷದ ಮಗನನ್ನು ಇವತ್ತೂ ಎತ್ತಿ ಸ್ನಾನ ಮಾಡಿಸುವ ತಾಯಂದಿರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರು ನನಗೆ ಹೇಳಿದ್ದರು, ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆ ಶುರುವಾದ ಮೇಲೆ ಹಗಲು ನಾಲ್ಕು ಗಂಟೆ ಸಿಗ್ತದೆ, ಆಗ ಮಲಗ್ತೇನೆ, ಎದ್ದ ಮೇಲೆ ಅವನ ಮುಖ ನೋಡ್ಲಿಕ್ಕೆ ಆಸೆ ಆಗ್ತದೆ ಅಂತ. ನಾಲ್ಕು ಗಂಟೆಯ ನಿದ್ದೆ. ಅಜ್ಜಿ ಕರುವಿನ ಬೆನ್ನಿಗೆ ಸವರಿದ್ದು ನನಗೆ ಆವತ್ತು ಮತ್ತೆ ಕಣ್ಣ ಮುಂದೆ ಬಂತು.

ಗಂಗೆ ಕೆಟ್ಟ ತಾಯಿ ಆಗಿರಲಿಲ್ಲ. ಮೊದಲ ಹೆರಿಗೆ, ನೋವು, ಹೆದರಿಕೆ, ಸಿಡಿಲು. ಒಳಗೆ ಇದ್ದದ್ದು ಹೊರಗೆ ಬರಲು ಒಂದು ನೆವ ಬೇಕಿತ್ತು. ನೆಕ್ಕುತ್ತಾ ನೆಕ್ಕುತ್ತಾ ಮರಿಯ ವಾಸನೆ ಅವಳಿಗೆ ಹಿಡಿಯಿತು, ಮರಿ ಕುಡಿಯತೊಡಗಿದ ಮೇಲೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿಯಿತು, ಹಾಲು ಇಳಿಯಿತು. ಮುಂದಿನ ವರ್ಷ ಎರಡನೇ ಕರುವಿಗೆ ಉಪ್ಪು ಬೇಕಾಗಲಿಲ್ಲ.

ನನ್ನ ಎದೆಯಲ್ಲಿ ಚುಚ್ಚುವುದು ಒಂದೇ. ಅಜ್ಜಿಗೆ ದನದ ವಿಷಯದಲ್ಲಿ ಇಷ್ಟು ತಿಳಿದಿತ್ತು. ಆವತ್ತು ರಾತ್ರಿ ಅಜ್ಜಿ ಕೊಡೆ ಬಿಡಿಸಿ ತೋಡು ದಾಟಿ ಮೂಲಮನೆಗೆ ಹೋದಳು. ಅಮ್ಮ ಒಬ್ಬಳೇ ಹಟ್ಟಿಯ ನೆಲ ತೊಳೆದು, ನಮಗೆ ಬಡಿಸಿ, ಅಡಿಕೆ ಸುಲಿಯಲು ಕೂತಳು. ಅವಳ ಬೆನ್ನಿಗೆ ಉಪ್ಪು ಸವರುವವರು ಯಾರೂ ಇರಲಿಲ್ಲ.

ಈಗ ಅಮ್ಮನಿಗೆ ಅರವತ್ತರ ಹತ್ತಿರ. ನನ್ನ ಜೊತೆಗೇ ಬಂದು ಇರು ಅಂತ ಎಷ್ಟು ಕರೆದರೂ ಬರುವುದಿಲ್ಲ, ತಿಂಗಳಿಗೆ ಹತ್ತು ದಿನ ಬರುತ್ತಾಳೆ. ಆ ಸಂಜೆ ನಡೆದ ಮರು ವಾರ ಬಂದಿದ್ದಳು. ಭಾನುವಾರ ಬೆಳಿಗ್ಗೆ ಜಗುಲಿಯಲ್ಲಿ ಮಗಳನ್ನು ಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಮಗಳ ಕೂದಲು ನನ್ನದೇ ತರ, ದಪ್ಪ, ಗುಂಗುರು, ಸಿಕ್ಕು ಹಿಡಿದರೆ ಬಿಡುವುದಿಲ್ಲ. ತೆಂಗಿನೆಣ್ಣೆಯ ಬಟ್ಟಲು ಪಕ್ಕದಲ್ಲಿತ್ತು. ಅಮ್ಮ ಬಾಚಣಿಗೆ ಇಟ್ಟು ಬೆರಳಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಮಗಳು ಎರಡು ಸಲ ಎದ್ದು ಓಡಿದಳು. ಅಮ್ಮ ಕರೆಯಲಿಲ್ಲ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಸುಮ್ನೆ ಕಾದಳು. ಎರಡು ಸಲವೂ ಮಗಳು ತಾನಾಗಿ ಬಂದು ಕೂತಳು.

ನನ್ನ ತಲೆ ಬಾಚುವಾಗ ಇದೇ ಕೈ ಬಾಚಣಿಗೆಯ ಹಿಂಬದಿಯಿಂದ ನೆತ್ತಿಗೆ ಕುಟ್ಟುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

"ಅಮ್ಮ, ನನಗೆ ಹೀಗೆ ಬಾಚಿದ್ದು ನೆನಪೇ ಇಲ್ಲ."

ಅವಳು ತಲೆ ಎತ್ತಲಿಲ್ಲ. "ಎಲ್ಲಿಂದ ಬಾಚುವುದು ಮಗಾ? ಒಲೆಯಲ್ಲಿ ಅನ್ನ, ಹಟ್ಟಿಯಲ್ಲಿ ದನ ಕೂಗ್ತಿತ್ತು. ನಿನ್ನ ತಲೆ ಮುಗಿದರೆ ಇನ್ನೆರಡು ತಲೆ ಉಂಟಲ್ಲ."

"ಅಜ್ಜಿ, ನೋವಾಗ್ತದೆ" ಅಂದಳು ಮಗಳು.

ಅಮ್ಮ ಕೈ ನಿಲ್ಲಿಸಿದಳು. ಹಿಡಿದಿದ್ದ ಎಳೆಯನ್ನು ಬಿಟ್ಟು, ಇನ್ನೂ ಕೆಳಗೆ, ತುದಿಯಿಂದ ಶುರು ಮಾಡಿದಳು.